ಕಂಡಷ್ಟೇ ಬರೆಯುವ ದಾಕ್ಷಾಯಣಮ್ಮ

ಮಧುಗಿರಿಯ ತಾಲ್ಲೂಕು ಕಚೇರಿಯ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನನ್ನ ಹೆಸರು ರಂಗೇಶ್. ಹತ್ತೊಂಬತ್ತು ವರ್ಷದಿಂದ ಜನರ ಆಧಾರ್ ಕಾರ್ಡು, ಪಹಣಿ, ಜಾತಿ ಸರ್ಟಿಫಿಕೇಟುಗಳ ನಕಲು ತೆಗೆದುಕೊಡುತ್ತಾ ಬಂದಿದ್ದೇನೆ. ಕಂಪ್ಯೂಟರ್ ತಂದ ಮೇಲೆ ಟೈಪಿಂಗನ್ನೂ ಮಾಡುತ್ತೇನೆ. ನನ್ನ ಬಗ್ಗೆ ಇಷ್ಟು ಸಾಕು, ಆದರೆ ಒಂದು ದೋಷವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೇಳಿದ್ದನ್ನು ಆಗಲೇ ನಂಬುತ್ತೇನೆ, ನಂಬಿದ್ದನ್ನು ಆಗಲೇ ಹೇಳುತ್ತೇನೆ, ಹೇಳಿದ ಮೇಲೆ ಅದಕ್ಕಾಗಿ ಜಗಳವನ್ನೂ ಆಡುತ್ತೇನೆ. ತಾನು ಬೆಳಗ್ಗೆ ನನಗೆ ಹೇಳಿದ ಸುದ್ದಿ ಮಧ್ಯಾಹ್ನಕ್ಕೆ ಮೈಕೈ ತುಂಬಿಕೊಂಡು ತನ್ನ ಹತ್ತಿರವೇ ವಾಪಸ್ಸು ಬರುತ್ತದೆ ಎನ್ನುವುದು ನನ್ನ ಹೆಂಡತಿಯ ದೂರು.

ಅಂಗಡಿಯ ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಅದು ದಾಕ್ಷಾಯಣಮ್ಮನವರ ಜಾಗ. ಆಕೆ ಅರ್ಜಿ ಬರೆದುಕೊಡುವವರು. ಮೊದಲು ಆಕೆಯ ಗಂಡ ಅಲ್ಲಿ ಕೂತು ಬರೆಯುತ್ತಿದ್ದರಂತೆ. ಅವರು ತೀರಿಕೊಂಡು ತಿಂಗಳಾಗುವ ಮೊದಲೇ ಈಕೆ ಬಂದು ಅದೇ ಕುರ್ಚಿಯಲ್ಲಿ ಕೂತಾಗ, ಪಕ್ಕದ ಅರ್ಜಿ ಬರೆಯುವ ಗಂಡಸರು ಮುಸಿಮುಸಿ ನಕ್ಕು, ಹದಿನೈದು ದಿನ ಕೂರಲಿ ನೋಡೋಣ ಅಂದಿದ್ದರಂತೆ. ಅದಾಗಿ ಮೂವತ್ತೊಂದು ವರ್ಷ ಆಯಿತು. ನಕ್ಕವರಲ್ಲಿ ಒಬ್ಬರೂ ಈಗ ಅಲ್ಲಿಲ್ಲ. ಆಕೆಗೆ ಅರವತ್ತೆಂಟು ವಯಸ್ಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ, ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ.

ಉಪವಿಭಾಗದ ಕಚೇರಿ ಇಲ್ಲೇ ಇರುವುದರಿಂದ ಶಿರಾ, ಕೊರಟಗೆರೆ, ಪಾವಗಡದವರೂ ಒಂದಲ್ಲ ಒಂದು ಕೆಲಸಕ್ಕೆ ಈ ಮರದ ಕೆಳಗೆ ಬರಲೇಬೇಕು. ಹೀಗೆ ನಾಲ್ಕು ತಾಲ್ಲೂಕಿನ ಅನುಮಾನಗಳೂ ಆಕೆಯ ಮೇಜಿನ ಮುಂದೆ ಬಂದು ಕೂರುತ್ತವೆ. ಶಿರಾದವರು ಗುಮಾನಿ ಅನ್ನುತ್ತಾರೆ. ಪಾವಗಡದ ಕಡೆಯವರು ಮಾತಿನ ಕೊನೆಗೊಂದು ತೆಲುಗಿನ 'ಅಂಟ' ಸೇರಿಸುತ್ತಾರೆ, ತೋವಿನಕೆರೆಯವರು 'ಅಂತೆ' ಸೇರಿಸುತ್ತಾರೆ. ನಾಲ್ಕಕ್ಷರ ಓದಿದವರು ಬಂದರೆ 'ಬಲ್ಲ ಮೂಲಗಳಿಂದ ತಿಳಿದುಬಂದಿರುತ್ತದೆ' ಎಂದು ಶುರು ಮಾಡುತ್ತಾರೆ. ಆ ಬಲ್ಲ ಮೂಲ ಯಾವುದು ಎಂದು ವಿಚಾರಿಸಿದರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಾಗಿರುತ್ತದೆ.

ಈ ಪದಗಳ ಮೇಲೆ ದಾಕ್ಷಾಯಣಮ್ಮನವರಿಗೆ ಸಿಟ್ಟಿಲ್ಲ. ಗಾಳಿಸುದ್ದಿ, ಗುಲ್ಲು, ಅಂದಾಜು, ಊಹೆ, ಅಂತೆಕಂತೆ, ಇವೆಲ್ಲ ಮರ್ಯಾದಸ್ಥ ಪದಗಳು ಎನ್ನುತ್ತಾರೆ. ತಾವು ಗಟ್ಟಿಯಲ್ಲ ಎಂದು ಅವೇ ಒಪ್ಪಿಕೊಂಡು ಬಂದಿರುತ್ತವಲ್ಲ. ಆಕೆಗೆ ಭಯ ಇರುವುದು ಬೇರೆ ಎರಡು ಮಾತುಗಳ ಬಗ್ಗೆ. ಒಂದು, "ಎಲ್ರಿಗೂ ಗೊತ್ತಿರೋದೇ." ಇನ್ನೊಂದು, "ಮತ್ತಿನ್ನೆಲ್ಲಿಂದ ಬಂತು?" ಇವೆರಡರಲ್ಲಿ ಯಾವುದು ಕಿವಿಗೆ ಬಿದ್ದರೂ ಆಕೆ ಪೆನ್ನಿನ ಮುಚ್ಚಳ ಹಾಕಿ ಕೆಳಗಿಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಕಂಡಿದ್ದೇನು?

ಒಂದು ಸಲ ತೋವಿನಕೆರೆಯ ರೈತರೊಬ್ಬರು ಬುಸುಗುಡುತ್ತಾ ಬಂದರು.

"ಪಕ್ಕದೋನು ಬದು ಒತ್ತವ್ನೆ, ಬರ್ಕಳಿ ಅಮ್ಮ."

"ಒತ್ತೋದು ಕಂಡ್ಯೇನಪ್ಪ?"

"ಅದನ್ನೇನು ಕಾಣಾದು? ಅವನ ಮಕ ನೋಡಿದ್ರೆ ಗೊತ್ತಾಗಕಿಲ್ವಾ?"

"ಮುಖ ಅರ್ಜಿಗೆ ಅಂಟಿಸೋಕಾಗಲ್ಲ ಕಣಪ್ಪ. ಬದು ಮೊದ್ಲು ಎಲ್ಲಿತ್ತು, ಈಗ ಎಲ್ಲಿದೆ, ಅದು ಹೇಳು."

ಒಂದು ಗಂಟೆ ಬೈದಾಟದ ನಂತರ ಅರ್ಜಿ ಇಷ್ಟಕ್ಕೆ ಬಂದು ನಿಂತಿತು: ಹಿಂದೆ ಬದು ಹುಣಸೆ ಮರದ ಬುಡದಲ್ಲಿತ್ತು, ಈಗ ಎಂಟು ಅಡಿ ಈಚೆಗಿದೆ, ಅಳತೆ ಮಾಡಿಸಿಕೊಡಬೇಕು. ಆ ರೈತರು ಗೊಣಗಿಕೊಂಡೇ ಹೋದರು. ಮೂರು ತಿಂಗಳಿಗೆ ಸರ್ವೆಯವರು ಬಂದು ಅಳೆದು ಎಂಟು ಅಡಿ ಬಿಡಿಸಿಕೊಟ್ಟರು. ಪಕ್ಕದವನನ್ನು ಕಳ್ಳ, ಲಫಂಗ ಎಂದು ಎರಡು ಪುಟ ಬರೆಸಿಕೊಂಡು ಹೋದವರ ಎಷ್ಟೋ ಅರ್ಜಿಗಳು ಇಂದಿಗೂ ಕಚೇರಿಯ ಬೀರುವಿನಲ್ಲೇ ಇವೆ. ದಾಕ್ಷಾಯಣಮ್ಮನವರ ಅಕ್ಷರ ಕಂಡರೆ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ, ಅದರಲ್ಲಿ ಇದ್ದದ್ದಷ್ಟೇ ಇರುತ್ತದೆ ಎಂದು ಅವರಿಗೆ ಗೊತ್ತು.

ಈ ಕಟ್ಟುನಿಟ್ಟು ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ಕೂತ ಮೊದಲ ವರ್ಷ ಪಾವಗಡದ ಗಡಿಯ ಜಮೀನುದಾರರೊಬ್ಬರು ಬಂದು, ಬಾವಿಯ ಪಂಪ್‌ಸೆಟ್ ಮೋಟಾರನ್ನು ಕೂಲಿಯಾಳು ಕದಿರಯ್ಯ ಕದ್ದಿದ್ದಾನೆ ಎಂದರು. ಈಕೆ ಒಂದು ಮಾತೂ ಕೇಳದೆ ಹಾಗೆಯೇ ಬರೆದುಕೊಟ್ಟರು. ಕದಿರಯ್ಯನನ್ನು ಠಾಣೆಯಲ್ಲಿ ಎರಡು ದಿನ ಕೂರಿಸಿದರು. ಮೂರನೇ ದಿನ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸಿಕ್ಕಿತು, ಜಮೀನುದಾರರ ಭಾಮೈದನೇ ರಿಪೇರಿಗೆ ಕೊಟ್ಟು ಮರೆತಿದ್ದ. ಸುದ್ದಿ ತಿಳಿದ ದಿನವೇ ಈಕೆ ಬಸ್ಸು ಹತ್ತಿ ಕದಿರಯ್ಯನ ಮನೆ ಹುಡುಕಿಕೊಂಡು ಹೋದರು. ಆತ ಚಾಪೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು ಹೇಳಿದನಂತೆ: "ಮೀರೇಮ್ ಚೇಸ್ತಾರಮ್ಮ, ಅವ್ರು ಚೆಪ್ಪಿಂದಿ ನೀವು ಬರೆದ್ರಿ. ಆದ್ರೆ ನನ್ನ ಯಾರೂ ಒಕ್ಕ ಮಾತು ಅಡಗಲೇದಮ್ಮ." ನೀವೇನು ಮಾಡುತ್ತೀರಿ, ಅವರು ಹೇಳಿದ್ದನ್ನು ಬರೆದಿರಿ, ಆದರೆ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ, ಎಂದು. ಬೈದಿದ್ದರೆ ಮರೆಯುತ್ತಿದ್ದೆನೇನೋ, ಆ ಮಜ್ಜಿಗೆ ಇನ್ನೂ ಗಂಟಲಲ್ಲಿದೆ ಎಂದು ದಾಕ್ಷಾಯಣಮ್ಮ ನನ್ನ ಹತ್ತಿರ ಎರಡು ಸಲ ಹೇಳಿದ್ದಾರೆ.

ಈಗ ನಾನು ಹೇಳಬೇಕಾದದ್ದು ಹೋದ ವರ್ಷದ ಬೇಸಿಗೆಯ ವಿಚಾರ.

ಮಿಡಿಗೇಶಿ ಬೆಟ್ಟದ ಬೆನ್ನಿಗೆ ಹಾಲುಗುಂಡಿನ ಹಟ್ಟಿ ಎಂಬ ಕುರಿ ಸಾಕುವವರ ಊರಿದೆ, ನಲವತ್ತು ಮನೆ. ಅಲ್ಲಿಂದ ಒಂದು ಟೆಂಪೋ ತುಂಬ ಗಂಡಸರು ಬಂದಿಳಿದರು. ಮುಂದೆ ಹಟ್ಟಿಯ ಯಜಮಾನರು ಓಬಳಯ್ಯ, ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ. ಅವರ ಹಿಂದೆ ಅವರ ತಮ್ಮನ ಮಗ ಶಿವರಾಜು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಶಿವರಾಜು ಆ ಕವರನ್ನು ಮೇಜಿನ ಮೇಲೆ ಸುರಿದ. ಮೊಟ್ಟೆ ಸಿಪ್ಪೆ, ಒಂದು ಬೊಗಸೆಯಷ್ಟು, ಗೊಬ್ಬರ ಮೆತ್ತಿಕೊಂಡಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ. ಕೋಳಿ, ಮೊಟ್ಟೆ ಎರಡೂ ಹಟ್ಟಿಯ ಬೇಲಿಯೊಳಗೆ ಬರಬಾರದು ಎಂಬುದು ಅವರ ದೇವರ ಕಟ್ಟಳೆ. ಅಂಗನವಾಡಿಯ ಕಟ್ಟಡ ಬೇಲಿಯ ಆಚೆಗಿದೆ. ಎಳೆ ಮಕ್ಕಳಿಗೆ ಕಟ್ಟಳೆ ಇಲ್ಲ, ಅಲ್ಲಿ ಕೊಡುವ ಮೊಟ್ಟೆಯನ್ನು ಅವು ಅಲ್ಲೇ ತಿಂದು ಬಾಯಿ ತೊಳೆದುಕೊಂಡು ಬರಲಿ ಎಂದು ಹಿರಿಯರು ಒಪ್ಪಿದ್ದರು. ಆದರೆ ದೇವರ ಮುಂದೆ ದೀಪ ಹಚ್ಚುವ ಹೆಣ್ಣುಮಕ್ಕಳು ಮುಟ್ಟುವಂತಿಲ್ಲ. ಬಸುರಿಯರಿಗೂ ಅಂಗನವಾಡಿಯಲ್ಲಿ ಊಟದ ಜೊತೆ ಮೊಟ್ಟೆ ಕೊಡುತ್ತಾರೆ. ಊಟ ಮಾಡಿ ಬನ್ನಿ, ಮೊಟ್ಟೆ ಬಿಟ್ಟುಬನ್ನಿ ಎಂದು ಅತ್ತೆಯರ ಅಪ್ಪಣೆ.

ಆ ಅಂಗನವಾಡಿಯ ಸಹಾಯಕಿ ಮಧುಶ್ರೀ. ಅದೇ ಹಟ್ಟಿಯ ಸೊಸೆ, ಗಂಡ ವರ್ಷದ ಎಂಟು ತಿಂಗಳು ಕುರಿ ಹೊಡೆದುಕೊಂಡು ಬೇರೆ ಸೀಮೆಯಲ್ಲಿರುತ್ತಾನೆ. ಹಟ್ಟಿಯ ಕೊನೆಯ ಮನೆ ಅವಳದು. ಮಳೆಗೆ ಮುಂಚೆ ಹೊಲಕ್ಕೆ ಗೊಬ್ಬರ ಹೊಡೆಯಬೇಕೆಂದು ಶಿವರಾಜು ಅವಳ ಹಿತ್ತಲ ತಿಪ್ಪೆಯನ್ನು ಟ್ರ್ಯಾಕ್ಟರಿಗೆ ತುಂಬುತ್ತಿದ್ದಾಗ ತಳದಲ್ಲಿ ಈ ಸಿಪ್ಪೆಗಳು ಸಿಕ್ಕಿದ್ದವು.

"ಮಕ್ಳ ಬಾಯಿಗೆ ಹೋಗೋ ಮೊಟ್ಟೆ ಕದ್ದು ಮನೇಲಿ ಬೇಯಿಸ್ಕಂಡು ತಿಂದವ್ಳೆ," ಎಂದರು ಓಬಳಯ್ಯ. "ಹಟ್ಟಿನೂ ಕೆಡಿಸ್ಬುಟ್ಳು. ಅವಳ್ನ ಕೆಲಸದಿಂದ ತೆಗೆಸ್ಬೇಕು. ಆಮೇಲೆ ಹಟ್ಟಿಯಿಂದ ಆಚೆಗೆ ಕಳಿಸಾದು ನಮ್ಗೆ ಗೊತ್ತೈತೆ. ಬರ್ಕಳಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷದ ಮಕ್ಕಳ ಮೊಟ್ಟೆ ಕದಿಯುವುದೇ! ಥೂ, ಇಂಥವರನ್ನು ಸುಮ್ಮನೆ ಬಿಡಬಾರದು ಎಂದು ಅಂಗಡಿಯೊಳಗಿನಿಂದಲೇ ಕೂಗಿದೆ. ದಾಕ್ಷಾಯಣಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ.

"ಯಜಮಾನ್ರೇ, ಅವಳು ತಗೊಂಡು ಹೋಗೋದು ಯಾರು ಕಂಡ್ರಿ?"

"ಯಾರೂ ಕಂಡಿಲ್ಲ."

"ತಿನ್ನೋದು?"

"ಅಮ್ಮ, ನಮ್ ಹಟ್ಟೀಲಿ ಕೋಳಿನೇ ಇಲ್ಲ ಕಣಮ್ಮ. ಮತ್ತಿನ್ನೆಲ್ಲಿಂದ ಬಂತು?"

ಆಕೆ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

"ನಮಗೆ ಮೊಟ್ಟೆ ಸಿಗಲಿಲ್ಲ ಅಂತ ಯಾವ ಮಗು ಹೇಳ್ತು?"

"ಮಕ್ಳು ದಿನಾ ತಿಂದ್ವಿ ಅಂತಾವೆ," ಎಂದ ಶಿವರಾಜು. "ಅವಕ್ಕೇನು ಗೊತ್ತಾಯ್ತದೆ ಬುಡಿ."

"ತಿಂದ ಮಗೂಗೆ ಗೊತ್ತಾಗಲ್ಲ, ತಿಪ್ಪೆ ತೆಗೆದ ನಿನಗೆ ಗೊತ್ತಾಯ್ತು. ಸರಿ." ಆಕೆ ಮತ್ತೆ ಪೆನ್ನು ಎತ್ತಿಕೊಂಡು ಮೂರೇ ಸಾಲು ಬರೆದು ಓದಿದರು. ಮಧುಶ್ರೀಯವರ ತಿಪ್ಪೆಯಲ್ಲಿ ಮೊಟ್ಟೆಯ ಸಿಪ್ಪೆಗಳನ್ನು ಕಂಡೆವು. ಅವು ಅಲ್ಲಿಗೆ ಹೇಗೆ ಬಂದವೆಂದು ನಾವು ನೋಡಿಲ್ಲ. ವಿಚಾರಿಸಬೇಕಾಗಿ ಬೇಡುತ್ತೇವೆ.

"ಇಷ್ಟು ಹೇಳಕ್ಕೆ ಟೆಂಪೋ ಮಾಡ್ಕಂಡು ಬಂದ್ವಾ?" ಓಬಳಯ್ಯನವರ ದನಿ ಏರಿತು. "ನೀನು ಅವಳ ಪರವಾ?"

"ನಾನು ಯಾರ ಪರಾನೂ ಅಲ್ಲ. ನೀವು ಕಂಡಿದ್ದು ಇಷ್ಟೇ."

ಅವರು ಕುರ್ಚಿ ತಳ್ಳಿ ಎದ್ದರು. ಎದ್ದವರು ಎಲ್ಲಿಗೆ ಹೋಗಬೇಕು? ನಾನಿದ್ದೆನಲ್ಲ! ಬನ್ನಿ ಯಜಮಾನ್ರೇ, ನಾನು ಹೊಡೆದುಕೊಡ್ತೀನಿ ಎಂದು ಕರೆದು ಕೂರಿಸಿ, ಅವರು ಹೇಳಿದ್ದಕ್ಕೆ ನನ್ನ ಕೋಪವನ್ನೂ ಸೇರಿಸಿ ಟೈಪ್ ಮಾಡಿದೆ. 'ಸದರಿ ಮಧುಶ್ರೀ ಎಂಬುವವರು ಮುಗ್ಧ ಮಕ್ಕಳ ಮೊಟ್ಟೆಗಳನ್ನು ಕದ್ದು ಮನೆಗೆ ಸಾಗಿಸಿ ತಿಂದಿರುತ್ತಾರೆ.' ಮುಗ್ಧ ಎನ್ನುವುದು ನನ್ನ ಕೊಡುಗೆ. ಓಬಳಯ್ಯ ಬೆನ್ನು ತಟ್ಟಿದರು, ನಾನು ಉಬ್ಬಿದೆ.

ಅಂಗನವಾಡಿಗಳ ಮೇಲಿನ ಅಧಿಕಾರಿ ಅವತ್ತು ತುಮಕೂರಿನ ಮೀಟಿಂಗಿಗೆ ಹೋಗಿದ್ದರು, ಅರ್ಜಿ ಕೊಡಲಾಗಲಿಲ್ಲ. ಗಂಡಸರು ಟೆಂಪೋ ಹತ್ತುವಾಗ ದಾಕ್ಷಾಯಣಮ್ಮ ಮೇಜಿನಿಂದ ಎದ್ದು ಬಂದರು.

"ಯಜಮಾನ್ರೇ, ಅರ್ಜೀಲಿ ಬರೀ ಗಂಡಸರ ಸಹಿ ಇದೆ. ಅಂಗನವಾಡಿ ವಿಷಯ ಅಲ್ವಾ, ತಾಯಂದಿರ ಸಹಿ ಎಲ್ಲಿ ಅಂತ ಕೇಳೇ ಕೇಳ್ತಾರೆ. ನಾಳೆ ಹಟ್ಟಿಗೆ ನಾನೇ ಬಂದು ಓದಿ ಹೇಳಿ ಹಾಕಿಸಿಕೊಡ್ತೀನಿ."

ಮಾತು ಸರಿಯಾಗಿಯೇ ಇತ್ತು, ಓಬಳಯ್ಯ ಒಪ್ಪಿದರು. ನನಗೆ ಒಳಗೊಳಗೇ ನಗು. ಅಂತೂ ಅಮ್ಮನವರೂ ದಾರಿಗೆ ಬಂದರು ಎಂದುಕೊಂಡೆ.

ಮರುದಿನ ಬೆಳಗ್ಗೆ ನನ್ನ ಸ್ಕೂಟರಿನಲ್ಲಿ ಆಕೆಯನ್ನು ಕೂರಿಸಿಕೊಂಡು ಹೋದೆ, ಇಪ್ಪತ್ತು ಕಿಲೋಮೀಟರು. ಹೆಬ್ಬೆಟ್ಟಿಗೆ ಮಸಿಯ ಡಬ್ಬಿ ನನ್ನ ಜೇಬಿನಲ್ಲಿತ್ತು. ಅಂಗನವಾಡಿಯ ಜಗಲಿಯ ಮುಂದೆ ಬೇವಿನ ನೆರಳಿಗೆ ಜನ ಸೇರಿದ್ದರು. ಗಂಡಸರು ಜಗಲಿಯ ಮೇಲೆ, ಹೆಂಗಸರು ಕೆಳಗೆ. ಮಧುಶ್ರೀಯನ್ನೂ ಕರೆಸಿದ್ದರು. ಮೂವತ್ತರ ಒಳಗಿನ ವಯಸ್ಸು, ಸಣಕಲು ಮೈ, ಅಂಗನವಾಡಿಯ ಬಾಗಿಲಿಗೆ ಒರಗಿ ನಿಂತಿದ್ದಳು.

ದಾಕ್ಷಾಯಣಮ್ಮ ಮೊದಲು ಹೋಗಿದ್ದು ಅವಳ ಹತ್ತಿರ. "ನಿನ್ನ ಮೇಲೆ ಅರ್ಜಿ ಇದೆ ಕಣಮ್ಮ. ನಿನ್ನ ತಿಪ್ಪೇಲಿ ಮೊಟ್ಟೆ ಸಿಪ್ಪೆ ಸಿಕ್ಕಿದೆ. ಹೇಗೆ ಬಂತು? ನೀನು ಹೇಳಿದ್ದನ್ನೂ ಬರ್ಕೋತೀನಿ."

ಮಧುಶ್ರೀ ನೆಲ ನೋಡಿಕೊಂಡು, "ನಾನೇನೂ ಹೇಳಕಿಲ್ಲಮ್ಮ," ಎಂದಳು. "ಅವ್ರು ಹೆಂಗ್ ಬರ್ಸುದ್ರೆ ಅಂಗೆ ಬರ್ಕಳಿ."

ನೋಡಿದಿರಾ, ಸಿಕ್ಕಿಬಿದ್ದಳು, ಬಾಯಿ ಬರುತ್ತಿಲ್ಲ, ಎಂದು ನಾನು ಶಿವರಾಜುವಿನ ಕಿವಿಯಲ್ಲಿ ಪಿಸುಗುಟ್ಟಿದೆ. ಅವನು ಜೋರಾಗಿ ತಲೆಯಾಡಿಸಿದ.

ದಾಕ್ಷಾಯಣಮ್ಮ ನಾನು ಟೈಪ್ ಮಾಡಿದ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ಇದರಲ್ಲಿ ಮೂರು ಮಾತಿದೆ," ಎಂದರು. "ಕದ್ದಳು, ಮನೆಗೆ ತಗೊಂಡು ಹೋದಳು, ತಿಂದಳು. ಸಹಿ ಹಾಕೋರು ಒಬ್ಬೊಬ್ಬರಾಗಿ ಬಂದು, ಇದರಲ್ಲಿ ಯಾವುದನ್ನ ನಾನು ಕಂಡೆ ಅಂತ ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳಬೇಕು. ಕಾಣದೆ ಇದ್ದರೆ ಕಂಡಿಲ್ಲ ಅನ್ನಿ, ತಪ್ಪೇನಿಲ್ಲ."

ಮೊದಲು ಬಂದದ್ದು ಓಬಳಯ್ಯನವರ ಹೆಂಡತಿ ಚಿಕ್ಕಕ್ಕ. ಆಕೆಯ ಜೋರು ಹಟ್ಟಿಗೆಲ್ಲ ಗೊತ್ತು. "ಸಿಪ್ಪೆ ಕಂಡೆ," ಎಂದರು.

"ಸಿಪ್ಪೆ ನಾನೂ ಕಂಡೆ ಚಿಕ್ಕಕ್ಕ. ಈ ಮೂರರಲ್ಲಿ ಯಾವುದು ಕಂಡ್ರಿ?"

"ಎಲ್ರಿಗೂ ಗೊತ್ತಿರಾದೇ ಅಲ್ವೇನಮ್ಮ?"

"ಎಲ್ಲರನ್ನೂ ಕೇಳೋಕೇ ಬಂದಿದೀನಿ. ನಿಮ್ಮದು ಹೇಳಿ."

ಚಿಕ್ಕಕ್ಕ ಸೆರಗು ಜಾಡಿಸಿ, "ಕಂಡಿಲ್ಲ," ಎಂದು ಪಕ್ಕಕ್ಕೆ ಸರಿದರು. ಇನ್ನೊಬ್ಬಾಕೆ ಬಂದಳು, ಕಂಡಿಲ್ಲ. ಮತ್ತೊಬ್ಬಾಕೆ, ಅವರಿವರು ಅಂದಿದ್ದು ಕೇಳಿದೆ, ಕಂಡಿಲ್ಲ. ಜಗಲಿಯ ಮೇಲೆ ಗಂಡಸರು ಕೂತಲ್ಲೇ ಮಿಸುಕಾಡತೊಡಗಿದರು. ಇದೇನು, ಸಹಿ ಹಾಕಿಸಲು ಬಂದ ಈಯಮ್ಮ ಸಹಿಗಳನ್ನು ಓಡಿಸುತ್ತಿದ್ದಾಳಲ್ಲ ಎಂದು ನಾನೂ ಗೊಣಗಿಕೊಂಡೆ. ಹನ್ನೊಂದು ಹೆಂಗಸರು ಮುಗಿದರು, ಕಾಗದದ ಮೇಲೆ ಒಂದು ಹೆಬ್ಬೆಟ್ಟೂ ಬಿದ್ದಿರಲಿಲ್ಲ.

ಆಮೇಲೆ ಓಬಳಯ್ಯನವರ ಸೊಸೆ ವೇದಾವತಿ ಎದ್ದು ಬಂದಳು. ಏಳು ತಿಂಗಳ ಬಸುರಿ, ಒಂದು ಕೈ ಸೊಂಟದ ಮೇಲಿತ್ತು. ಕೇಳುವ ಮೊದಲೇ, "ನಾನು ಕಂಡೆ," ಎಂದಳು.

ಓಬಳಯ್ಯನವರ ಮುಖ ಅರಳಿತು. "ಹೇಳು ಮಗಾ, ಎದುರ್ಕಬ್ಯಾಡ."

"ಏನು ಕಂಡೆಯಮ್ಮ?" ದಾಕ್ಷಾಯಣಮ್ಮ ಕೇಳಿದರು.

"ಮನೆಗೆ ತಕ್ಕಂಡೋಗಾದು ಕಂಡೆ. ತಿನ್ನಾದೂ ಕಂಡೆ." ಮಧುಶ್ರೀ ಬಾಗಿಲಿನಿಂದ, "ವೇದಾ, ಬ್ಯಾಡ ಕಣೇ," ಎಂದಳು. ಅವತ್ತು ಅವಳು ದನಿಯೆತ್ತಿದ್ದು ಅದೇ ಮೊದಲು. ವೇದಾವತಿ ನಿಲ್ಲಿಸಲಿಲ್ಲ. "ತಿಂದಿದ್ದು ಮಧು ಅಕ್ಕ ಅಲ್ಲ. ನಾನು. ಅದು ಮಕ್ಳದೂ ಅಲ್ಲ, ನನ್ ಹೆಸ್ರಲ್ಲಿ ಬಂದಿದ್ ಮೊಟ್ಟೆ."

ದಾಕ್ಷಾಯಣಮ್ಮ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳತೊಡಗಿದರು, ವೇದಾವತಿ ಹೇಳುತ್ತಾ ಹೋದಳು.

"ನರ್ಸಮ್ಮ ನೋಡಿ ಮೈಯಾಗೆ ರಕ್ತ ಇಲ್ಲ, ದಿನಾ ಮೊಟ್ಟೆ ತಿನ್ನದಿದ್ರೆ ಹೆರಿಗೇಲಿ ಕಷ್ಟ ಆಯ್ತದೆ ಅಂದ್ರು. ಈ ಜಗಲಿ ಮ್ಯಾಲೆ ಮಾವ ಕುಂತಿರ್ತಾರೆ, ದೊಡ್ಡೋರೆಲ್ಲ ಕುಂತಿರ್ತಾರೆ, ಇಲ್ಲಿ ಹೆಂಗ್ ತಿನ್ಲಿ? ಮಧು ಅಕ್ಕನೇ ನಮ್ಮನೆ ಹಿತ್ಲಿಗೆ ಬಾ ಅಂದ್ಲು. ನೀರಿಗೆ ಹೋಗಾ ನೆಪ ಮಾಡಿ ಹೋಗಿ ತಿಂದ್ ಬರ್ತಿದ್ದೆ. ಸಿಪ್ಪೆ ಬಿಡ್ಸಿ ಹೂಳ್ತಿದ್ದವ್ಳು ಅವ್ಳು. ಕೆಡ್ಸಿದ್ರೆ ಹಟ್ಟೀನ ನಾನು ಕೆಡ್ಸಿದ್ದೀನಿ. ನನ್ನ ಆಚೆಗೆ ಕಳಿಸ್ರಿ."

ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬಳು ಎದ್ದಳು. ಶಿವರಾಜುವಿನ ಹೆಂಡತಿ ಸ್ನೇಹಲತಾ, ಕಂಕುಳಲ್ಲಿ ಆರು ತಿಂಗಳ ಕೂಸು, ಗುಂಡುಗುಂಡಾಗಿತ್ತು. "ಹೋದ ವರ್ಷದ ಸಿಪ್ಪೆ ನಂದು," ಎಂದಳು, ಗಂಡನ ಮುಖವನ್ನೇ ನೋಡಿಕೊಂಡು. "ತಿಪ್ಪೆ ತಳದಾಗೆ ಸಿಕ್ತಲ್ಲ, ಅದು. ಗಂಡಸ್ರು ಮಧುಗಿರಿ ಓಟ್ಲಲ್ಲಿ ಆಮ್ಲೆಟ್ ತಿಂದು ಬತ್ತಾರಂತೆ, ಅವ್ರಿಗಿಲ್ಲದ ಕಟ್ಟಳೆ ನಮಗ್ಯಾಕೆ?"

"ಅದು ಅಂತೆ," ಎಂದರು ದಾಕ್ಷಾಯಣಮ್ಮ ತಲೆಯೆತ್ತದೆ. "ಅದನ್ನ ಬರೆಯೋಕಾಗಲ್ಲ."

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಉಳಿದವರಿಗೂ ನಗು ತಡೆಯಲಾಗಲಿಲ್ಲ, ಜಗಲಿಯ ಮೇಲಿನ ಮೂರು ನಾಲ್ಕು ಗಂಡಸರು ಮಾತ್ರ ಮಿಡಿಗೇಶಿ ಬೆಟ್ಟದ ಕೋಟೆಯನ್ನು ಅವತ್ತೇ ಮೊದಲ ಸಲ ಕಂಡವರಂತೆ ಅತ್ತ ತಿರುಗಿ ಕೂತರು. ಅವರಲ್ಲಿ ಇಬ್ಬರನ್ನು ನಮ್ಮ ಕಚೇರಿ ಪಕ್ಕದ ಹೋಟೆಲಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೆ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಚಿಕ್ಕಕ್ಕ ನಗಲಿಲ್ಲ. ಸೊಸೆಯ ಹತ್ತಿರ ಬಂದು ಅವಳ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ನೋಡಿದರು. "ತಲೆ ಸುತ್ತಾದು ನಿಂತೋಯ್ತು ಅಂತ ನೀನು ಅಂದಿದ್ದೆ. ನನ್ ಕಷಾಯದಿಂದ ಅಂದ್ಕಂಡಿದ್ದೆ ಕಣೇ ನಾನು," ಎಂದರು. ಆಮೇಲೆ ಅಲ್ಲೇ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಓಬಳಯ್ಯ ಮಧುಶ್ರೀಯ ಕಡೆ ತಿರುಗಿ, "ಕೆಲಸ ಹೋಗೋದು, ಹಟ್ಟಿನೂ ಬುಡಬೇಕಾಗಿತ್ತು. ನೀನ್ಯಾಕೆ ಬಾಯಿ ಬುಡ್ಲಿಲ್ಲ?" ಎಂದರು.

"ನನ್ನ ನಂಬ್ಕಂಡು ಬಂದಿದ್ರು ಮಾವ," ಎಂದಳು ಮಧುಶ್ರೀ. ಅಷ್ಟೇ.

ಅವಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಒಂದು ಗಂಟೆಯ ಹಿಂದೆ ಇವಳು ಸಿಕ್ಕಿಬಿದ್ದಳು ಎಂದು ಪಿಸುಗುಟ್ಟಿದ್ದು ಈ ನನ್ನ ಬಾಯಿಯೇ.

ಓಬಳಯ್ಯ ಅರ್ಜಿಯನ್ನು ಹರಿಯಲಿಲ್ಲ. ನಾಲ್ಕಾಗಿ ಮಡಿಸಿ ಒಳಜೇಬಿಗೆ ಇಟ್ಟುಕೊಂಡರು. ಅದನ್ನು ಕಚೇರಿಗೆ ಕೊಡಲಿಲ್ಲ ಎನ್ನುವುದು ನನಗೆ ಗೊತ್ತು, ಯಾಕೆಂದರೆ ಸ್ವೀಕೃತಿಯ ನಕಲಿಗೆ ಎಲ್ಲರೂ ನನ್ನ ಅಂಗಡಿಗೇ ಬರಬೇಕು. ಮಧುಶ್ರೀ ಕೆಲಸದಲ್ಲಿದ್ದಾಳೆ, ಮೊನ್ನೆ ಮಿಡಿಗೇಶಿ ಬಸ್ಸಿನಲ್ಲಿ ಸಿಕ್ಕಿದ್ದಳು. ವೇದಾವತಿಗೆ ಹೆಣ್ಣು ಮಗು ಆಯಿತು, ಸಲೀಸಾಗಿ ಆಯಿತು ಎಂದು ಅವಳೇ ಹೇಳಿದಳು. ಹಟ್ಟಿಯ ಕಟ್ಟಳೆ ಒಂದೇ ದಿನಕ್ಕೆ ಬದಲಾಗಲಿಲ್ಲ. ಅಂಗನವಾಡಿಯ ಒಳಕೋಣೆಗೆ ಬಾಗಿಲು ಹಾಕಿಸಿ ಬಸುರಿಯರಿಗೆ ಬಿಟ್ಟುಕೊಟ್ಟಿದ್ದಾರೆ, ಊಟದ ಹೊತ್ತಿಗೆ ಗಂಡಸರು ಜಗಲಿಯ ಮೇಲೆ ಕೂರುವುದಿಲ್ಲ ಎನ್ನುತ್ತಾರೆ. ಇದು ನಾನು ಕೇಳಿದ್ದು, ಕಂಡದ್ದಲ್ಲ.

ಆದರೆ ನಾನು ಇದನ್ನೆಲ್ಲ ಬರೆಯಲು ಕೂತದ್ದು ಅವತ್ತು ವಾಪಸ್ಸು ಬರುವಾಗ ಆದ ಒಂದು ಮಾತಿಗಾಗಿ. ಮಿಡಿಗೇಶಿಯ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯಲು ಸ್ಕೂಟರ್ ನಿಲ್ಲಿಸಿದ್ದೆ. ದಾಕ್ಷಾಯಣಮ್ಮನವರ ಮೇಲೆ ನನಗೆ ಹಿಡಿಸಲಾರದಷ್ಟು ಅಭಿಮಾನ ಬಂದಿತ್ತು. ಎಂಥ ಕಣ್ಣು ಈಯಮ್ಮನದು, ಸಿಪ್ಪೆ ನೋಡಿದ ಕೂಡಲೇ ಒಳಗಿನ ಕಥೆ ತಿಳಿದುಕೊಂಡುಬಿಟ್ಟರಲ್ಲ ಎಂದು.

"ಅಮ್ಮ," ಎಂದೆ, "ಅವಳು ಕದ್ದಿಲ್ಲ ಅಂತ ನಿಮಗೆ ನಿನ್ನೆನೇ ಗೊತ್ತಾಗಿತ್ತು ಅಲ್ವಾ? ಅದಕ್ಕೇ ಹೆಂಗಸರ ಸಹಿ ನೆಪ ತೆಗೆದ್ರಿ."

ಆಕೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಇಲ್ಲಪ್ಪ ರಂಗೇಶ," ಎಂದರು. "ಅವಳೇ ತಗೊಂಡಿದಾಳೆ ಅಂತ್ಲೇ ನಾನೂ ಅಂದ್ಕೊಂಡಿದ್ದೆ. ಇವತ್ತು ಅವಳು ತಲೆ ಬಗ್ಗಿಸಿ ನಿಂತಾಗಂತೂ ಗಟ್ಟಿ ಮಾಡ್ಕೊಂಡ್ಬಿಟ್ಟಿದ್ದೆ."

"ಮತ್ತೆ ನಿನ್ನೆ ಅವರು ಹೇಳಿದಂಗೆ ಬರೆದುಕೊಡಬಹುದಿತ್ತಲ್ಲಮ್ಮ? ನಿಮಗೂ ಹಾಗೇ ಅನ್ನಿಸಿತ್ತಲ್ಲ."

"ನನಗೆ ಅನ್ನಿಸಿದ್ದಕ್ಕೆ ಅವಳ ಕೆಲಸ ಕಳೆಯೋಕಾಗುತ್ತೇನೋ?" ಎಂದರು ಆಕೆ, ಮತ್ತೆ ಟೀ ಕುಡಿಯತೊಡಗಿದರು.

ನನ್ನ ಲೋಟದ ಟೀ ಹಾಗೇ ಉಳಿಯಿತು. ಆಕೆಗೂ ನನಗೂ ಬಂದಿದ್ದ ಅನುಮಾನ ಒಂದೇ. ಆಕೆ ಅದನ್ನು ತನ್ನೊಳಗೇ ಇಟ್ಟುಕೊಂಡು, ಅರವತ್ತೆಂಟನೇ ವಯಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರು ಸ್ಕೂಟರಿನ ಹಿಂದೆ ಕೂತು ಕೇಳಲು ಬಂದಿದ್ದರು. ನಾನು ಅದನ್ನು ಹತ್ತು ನಿಮಿಷದಲ್ಲಿ ಟೈಪ್ ಮಾಡಿ, ಮೂರು ಪ್ರತಿ ತೆಗೆದುಕೊಟ್ಟಿದ್ದೆ.